ನಿಂತ ಕಾರಿನ ಖರ್ಚು: ಕೆ.ಆರ್. ಪುರದ ಒಂದು ಲೆಕ್ಕ

ಸ್ವಂತ ಕಾರಿನ ಖರ್ಚು ಎಂದರೆ ಹೆಚ್ಚಿನವರ ಲೆಕ್ಕ ಪೆಟ್ರೋಲ್ ಮತ್ತು ಇಎಂಐಗೇ ಮುಗಿಯುತ್ತದೆ. ಕಾರು ಓಡದೆ ನಿಂತಾಗಲೂ ಆಗುವ ಖರ್ಚು ಆ ಲೆಕ್ಕಕ್ಕೆ ಬರುವುದಿಲ್ಲ. ಶೋರೂಮ್‌ನಲ್ಲಿ 8 ಲಕ್ಷ ರೂಪಾಯಿ ಇರುವ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ 14, ಅಂದರೆ 1.12 ಲಕ್ಷ; ಸೆಸ್ ಬೇರೆ. ವಿಮೆಯವರ ಸವಕಳಿ ಪಟ್ಟಿಯ ಪ್ರಕಾರ ಐದನೇ ವರ್ಷಕ್ಕೆ ಕಾರಿನ ಬೆಲೆ ಅರ್ಧಕ್ಕಿಳಿಯುತ್ತದೆ. ಎರಡನ್ನೂ ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 280 ರೂಪಾಯಿ. 2024ರ ಫೆಬ್ರುವರಿಯಲ್ಲಿ ಸರ್ಕಾರ ನಿಗದಿ ಮಾಡಿದ ದರದಲ್ಲಿ ಚಿಕ್ಕ ಟ್ಯಾಕ್ಸಿಗೆ ಮೊದಲ 4 ಕಿ.ಮೀ.ಗೆ 100, ಆಮೇಲೆ ಕಿ.ಮೀ.ಗೆ 24, ಹತ್ತು ಕಿ.ಮೀ. ಹೋದರೆ 244. ಮನೆ ಮುಂದೆ ಬೀಗ ಹಾಕಿಟ್ಟ ಕಾರು ದಿನವೂ ಅದಕ್ಕಿಂತ ಹೆಚ್ಚು ತಿನ್ನುತ್ತದೆ.

ಹಾಗಾದರೆ ಎಷ್ಟು ಓಡಿಸಿದರೆ ಗಿಟ್ಟುತ್ತದೆ? ಬೆಂಗಳೂರಿನ ಟ್ರಾಫಿಕ್‌ನಲ್ಲಿ ಲೀಟರಿಗೆ 15 ಕಿ.ಮೀ. ಸಿಕ್ಕಿ, ಪೆಟ್ರೋಲ್ 102 ರೂಪಾಯಿ ಇದ್ದರೆ ಕಿ.ಮೀ.ಗೆ ಹತ್ತಿರಹತ್ತಿರ 7 ರೂಪಾಯಿ. ವಿಮೆ, ಸರ್ವಿಸ್ ಸೇರಿ ವರ್ಷಕ್ಕೆ 20,000 ಎಂದಿಟ್ಟುಕೊಂಡರೆ, ಟ್ಯಾಕ್ಸಿಗೆ ಸಮನಾಗಲು ವರ್ಷಕ್ಕೆ 7,000 ಕಿ.ಮೀ.ಯಾದರೂ ಓಡಬೇಕು. ಸೆಕೆಂಡ್ ಹ್ಯಾಂಡ್ ಕಾರಾದರೆ ಈ ಅಂಕಿ ಸಾಕಷ್ಟು ಇಳಿಯುತ್ತದೆ. ಮೊದಲ ಸವಕಳಿಯನ್ನು ಬೇರೆ ಯಾರೋ ಕಟ್ಟಿ ಆಗಿರುತ್ತದಲ್ಲ.

ಬೆಂಗಳೂರಿನ ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಡೆಯ ಟೆಕ್ ಪಾರ್ಕ್ ಐಟಿಪಿಎಲ್‌ಗೆ ದಿನವೂ ಹೋಗಿ ಬರುವವರಿಗೂ ಕೆಲಸದ ದಿನಗಳ ಓಡಾಟದಿಂದಲೇ ಆ 7,000 ತುಂಬುವುದಿಲ್ಲ. ಅದರಲ್ಲೂ 2023ರಿಂದ ಈಚೆಗೆ ಆ ಓಡಾಟ ಕಾರಿನ ಕೈತಪ್ಪಿದೆ. ಆ ವರ್ಷ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಬಂದ ನೇರಳೆ ಮೆಟ್ರೊ ಕೆ.ಆರ್. ಪುರಕ್ಕೇ ನಿಂತಿತ್ತು, ಬೈಯಪ್ಪನಹಳ್ಳಿಗೆ ಫೀಡರ್ ಬಸ್ ಹಿಡಿಯಬೇಕಿತ್ತು. ಅಕ್ಟೋಬರ್ 9ರಂದು ನಡುವಿನ ಕೊಂಡಿ ಕೂಡಿಕೊಂಡ ಮೇಲೆ ಇಂದಿರಾನಗರ, ಹಲಸೂರಿಗೂ ನೇರ ದಾರಿಯಾಯಿತು. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು ಜನರಿಗೆ ಚುರುಕು ಮುಟ್ಟಿಸಿತು ನಿಜ, ಆದರೂ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಸುಡುವ ಪೆಟ್ರೋಲಿಗೆ ಹೋಲಿಸಿದರೆ ಅದು ಅಗ್ಗವೇ.

ದೇವಸಂದ್ರದ ಕಡೆಯ ಮನೆಯೊಂದರಲ್ಲಿ (ಈ ಲೇಖಕರದ್ದೇ) ಕಾರು ಹೀಗೆ ನಿಂತೇ ಇತ್ತು. ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಡೌನ್ ಆಗುತ್ತದೆ, ಬಾನೆಟ್ ಒಳಗೆ ಇಲಿ ಸೇರಿ ವೈರ್ ಕಡಿಯುತ್ತದೆ, ಕೆಲವರ ಗೇಟಿನ ಮುಂದೆ ಜಗಳವೂ ಹುಟ್ಟುತ್ತದೆ. ಇವಾವೂ ಡೀಲರ್ ಕೊಡುವ ಕೊಟೇಶನ್ನಿನಲ್ಲಿ ಇರುವುದಿಲ್ಲ.

ಆದರೆ ಕ್ಯಾಬನ್ನೇ ನೆಚ್ಚಿಕೊಂಡವರ ಪಾಡೂ ಸುಲಭದ್ದಲ್ಲ. ಕೆ.ಆರ್. ಪುರದಲ್ಲಿ ರೈಲು ಹಳಿ, ತೂಗುಸೇತುವೆ, ಮೆಟ್ರೊ, ರಿಂಗ್ ರೋಡ್ ಒಂದೇ ಕಡೆ ಹೆಣೆದುಕೊಂಡಿವೆ. ಆ್ಯಪ್‌ನ ಗುರುತು ಮೇಲೆ ಬಿದ್ದಿದೆಯೋ ಕೆಳಗೋ ತಿಳಿಯುವುದಿಲ್ಲ. ಚಾಲಕ ಫೋನ್ ಮಾಡಿ ಮೊದಲು ಕೇಳುವುದು ‘ಎಲ್ಲಿಗೆ ಡ್ರಾಪ್ ಸರ್, ಕ್ಯಾಶಾ ಆನ್‌ಲೈನಾ?’, ಆಮೇಲೆ ‘ನಾನು ಬ್ರಿಡ್ಜ್ ಕೆಳಗಿದೀನಿ, ನೀವೇ ಬಂದ್ಬಿಡಿ’. ಮಳೆ ಬಂದ ಸಂಜೆ ದರವೂ ಏರುತ್ತದೆ, ಬುಕಿಂಗೂ ರದ್ದಾಗುತ್ತದೆ. ಚಾಲಕರನ್ನಷ್ಟೇ ದೂರಿ ಫಲವಿಲ್ಲ. ಕಮಿಷನ್, ಇಎಂಐ ಕಳೆದು ಉಳಿಯುವುದೇ ಅವರ ಸಂಪಾದನೆ. 2022ರಲ್ಲಿ ಬಂದ ‘ನಮ್ಮ ಯಾತ್ರಿ’ ಆ್ಯಪ್ ಕಮಿಷನ್ ಬಿಟ್ಟು, ಮುಂದೆ ಆಟೊದವರಿಂದ ದಿನಕ್ಕೆ 25 ರೂಪಾಯಿ ಚಂದಾ ಪಡೆಯುವ ಕ್ರಮ ತಂದದ್ದು ಈ ಗಂಟನ್ನು ಸಡಿಲಿಸಲೆಂದೇ. ಸಹೋದ್ಯೋಗಿಗಳು ಕಾರು ಹಂಚಿಕೊಳ್ಳುವ ದಾರಿಯಲ್ಲಿ ಬಿಳಿ ಬೋರ್ಡ್, ಹಳದಿ ಬೋರ್ಡ್ ತಕರಾರು ಇದೆ: ಖಾಸಗಿ ನೋಂದಣಿಯ ಕಾರು ಬಾಡಿಗೆಗೆ ಓಡುವಂತಿಲ್ಲ.

ರಾತ್ರಿ ಎರಡು ಗಂಟೆಗೆ ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಮನೆಗೆ, ವಾರಕ್ಕೊಮ್ಮೆ ಕೋಲಾರದ ಕಡೆ ಊರಿಗೆ ಹೋಗುವ ಮನೆಗೆ ಕಾರು ಬೇಕೇ ಬೇಕು. ಆಫೀಸಿಗೆಂದೇ ಕೊಳ್ಳುವ ಕಾರು ಮಾತ್ರ ಇಲ್ಲಿ ದಂಡ.

ಚಾಲಕರಿಲ್ಲದ ಟ್ಯಾಕ್ಸಿ ಬಂದರೆ ಎಲ್ಲ ಅಗ್ಗವಾಗುತ್ತದೆ ಎನ್ನುವವರಿದ್ದಾರೆ. ಅಮೆರಿಕದ ಫೀನಿಕ್ಸ್‌ನಲ್ಲಿ ವೇಮೊ 2020ರಲ್ಲೇ ಅಂಥ ಸೇವೆಯನ್ನು ಜನರಿಗೆ ತೆರೆಯಿತು. ಅಲ್ಲಿ ಚಾಲಕರ ಕೂಲಿ ದುಬಾರಿ, ಉಳಿತಾಯಕ್ಕೆ ದಾರಿಯಿದೆ. ಇಲ್ಲಿ ಬಾಡಿಗೆಯ ದೊಡ್ಡ ಪಾಲು ಕಾರಿನ ಸಾಲಕ್ಕೆ ಮತ್ತು ಇಂಧನಕ್ಕೆ ಹೋಗುವಾಗ, ಸೆನ್ಸರ್ ಹೊತ್ತ ಇನ್ನೂ ದುಬಾರಿ ಕಾರು ಯಾರ ಜೇಬಿಗೆ ಹಗುರವಾದೀತು? ಉದ್ಯೋಗ ಹೋಗುತ್ತದೆಂಬ ಕಾರಣ ಕೊಟ್ಟು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಇಂಥ ಕಾರುಗಳಿಗೆ ಅವಕಾಶವಿಲ್ಲ ಎಂದು ಮತ್ತೆ ಮತ್ತೆ ಹೇಳಿದ್ದಾರೆ. ಚಾಲಕರಿಲ್ಲದೆ ಓಡಬಲ್ಲ ವಾಹನ ಕೆ.ಆರ್. ಪುರಕ್ಕೆ ಬರುವುದಾದರೆ ಬಹುಶಃ ಹಳಿಯ ಮೇಲೆ: ಸಿಲ್ಕ್ ಬೋರ್ಡ್‌ನಿಂದ ಇಲ್ಲಿಗೆ, ಇಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮೆಟ್ರೊ ಮಾರ್ಗವನ್ನು ಅಂಥ ರೈಲುಗಳಿಗಾಗಿಯೇ ರೂಪಿಸಲಾಗಿದೆ. ಬೋಗಿ ತಯಾರಿಸುವ ಗುತ್ತಿಗೆ ಬೆಂಗಳೂರಿನದೇ ಬಿಇಎಂಎಲ್‌ಗೆ ಸಿಕ್ಕಿದೆ.