ಟರ್ಬೋ ಕಾರಿನ ತಡವರಿಕೆ: ಒಂದು ಪರಿಶೀಲನೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳ ನಡುವೆ ಮೋಟಾರು ಯಂತ್ರದ ಮಾತೇಕೆಂದು ವಾಚಕರು ಕೇಳಬಹುದು. ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೋದಿ ಬಿ.ಎ.ಗೆ ಬಂದವನು; ನಮ್ಮ ಮನೆಯ ಅನ್ನ ಬರುವುದು ಅಣ್ಣನ ಬಾಡಿಗೆ ಕಾರಿನಿಂದ. ಈ ಎರಡು ಕಾರಣಗಳಿಂದ ಈ ವಿಷಯ ನನ್ನ ಪಾಲಿಗೆ ಬಂದಿತು. ನಮ್ಮ ತಾಲೂಕುಗಳಲ್ಲಿ ಈಗ ಟರ್ಬೋ ಇರುವ ಕಾರುಗಳು ಮನೆಮನೆಗೂ ಬಂದಿರುವುದರಿಂದ ನಾವು ಪಟ್ಟ ಪಾಡು ಬೇರೆಯವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಕಳೆದ ತೊಗರಿ ರಾಶಿಯ ದಿನಗಳವು. ಅಣ್ಣನಿಗೆ ಬಿಡುವೇ ಇರಲಿಲ್ಲ. ಬೆಳಿಗ್ಗೆ ಚಿಂಚೋಳಿ, ಮಧ್ಯಾಹ್ನ ಸೇಡಂ, ಸಂಜೆ ಕಲಬುರಗಿ, ಹೀಗೆ ಓಡಾಟ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವನು, “ಗಾಡಿ ಪಿಕಪ್ ತಗೊಳ್ಳವಲ್ದು ತಮ್ಮಾ. ಕಾಲ್ ಕೊಟ್ರ ಒಂದ್ ಘಳಿಗಿ ಯೋಚನಿ ಮಾಡ್ತದ” ಎಂದ. ನಾನು ನಕ್ಕೆ. ಆದರೆ ಮರುದಿನ ಚಿತ್ತಾಪುರದಿಂದ ವಾಡಿಗೆ ಹೋಗುವಾಗ ನಾನೂ ಜೊತೆಯಲ್ಲಿದ್ದೆ. ಫರಸಿ ತುಂಬಿದ ಲಾರಿಯನ್ನು ದಾಟಲೆಂದು ಅಣ್ಣ ಬಲಕ್ಕೆ ತೆಗೆದು ಎಕ್ಸಲರೇಟರ್ ಒತ್ತಿದ. ಕಾರು ಮುಂದಕ್ಕೆ ಹಾರಬೇಕಾದಲ್ಲಿ ಗಂಟಲು ಹಿಡಿದವರಂತೆ ನಿಂತುಬಿಟ್ಟಿತು. ಎದುರಿನಿಂದ ಮತ್ತೊಂದು ಲಾರಿ ಬರುತ್ತಿತ್ತು. ಅಣ್ಣ ಬ್ರೇಕ್ ಹಾಕಿ ಮತ್ತೆ ಹಿಂದಕ್ಕೆ ಸೇರಿಕೊಂಡನಾದ್ದರಿಂದ ಈ ಲೇಖನ ಬರೆಯಲು ನಾನಿದ್ದೇನೆ. ಆಮೇಲೆ ಶಹಾಬಾದ ಬರುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ಒಬ್ಬ ಮಿಸ್ತ್ರಿಗೆ ಗಾಡಿ ತೋರಿಸಿದೆವು. ಅವರು ಬಾನೆಟ್ ತೆಗೆದು, ನಿಂತಲ್ಲೇ ನಾಲ್ಕು ಸಲ ರೇಸ್ ಕೊಟ್ಟು, “ಟರ್ಬೋ ಹೋಗ್ಯಾದ್ರಿ, ಹೊಸಾದ್ ಹಾಕ್ಬೇಕು” ಎಂದರು. ಕೂಲಿ ಸೇರಿ ಅರವತ್ತು ಸಾವಿರದ ಲೆಕ್ಕ. ಬ್ಯಾಂಕಿನ ಕಂತು ಬೇರೆ ಬಾಕಿ ಇತ್ತು. ಅವ್ವ ಏನೂ ಮಾತಾಡದೆ ಒಳಗೆ ಹೋಗಿ ತನ್ನ ಬೋರಮಳ ಸರವನ್ನು ತಂದು ಅಣ್ಣನ ಮುಂದಿಟ್ಟಳು. ಅದನ್ನು ಒತ್ತೆಯಿಡುವ ಮುನ್ನ ನನಗೆ ಎಂಟು ದಿನ ಕೊಡೆಂದು ಅಣ್ಣನನ್ನು ಕೇಳಿಕೊಂಡೆ.

ಟರ್ಬೋ ಎಂದರೇನೆಂಬುದನ್ನು ಮೊದಲು ಹೇಳಬೇಕು. ಇಂಜಿನ್ನಿನಲ್ಲಿ ಇಂಧನ ಉರಿಯಲು ಗಾಳಿ ಬೇಕು. ಗಾಳಿ ಹೆಚ್ಚಾದಷ್ಟೂ ಹೆಚ್ಚು ಇಂಧನವನ್ನು ಉರಿಸಿ ಹೆಚ್ಚು ಬಲ ಪಡೆಯಬಹುದು. ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆಯ ಬಲದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುವ ಸಾಧನವೇ ಟರ್ಬೋ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮಾರಾಟದ ಕಾರುಗಳಲ್ಲಿ ಇದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ; ಡೀಸೆಲ್ ಕಾರಿಗೆ 1978ರಲ್ಲಿ ಮರ್ಸಿಡಿಸ್ ಕಂಪನಿಯವರು ಅಳವಡಿಸಿದರು. ಸಣ್ಣ ಕಾರಿನ ಟರ್ಬೋ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಬಲ್ಲದೆಂದರೆ ಅದರ ಸೂಕ್ಷ್ಮತೆಯನ್ನು ವಾಚಕರು ಊಹಿಸಿಕೊಳ್ಳಬಹುದು.

ಈ ಚಕ್ರಕ್ಕೆ ವೇಗ ಬರಲು ಹೊಗೆ ಬೇಕು, ಹೊಗೆ ಹೆಚ್ಚಲು ಇಂಜಿನ್ ದುಡಿಯಬೇಕು, ಇಂಜಿನ್ ದುಡಿಯಲು ಗಾಳಿ ಬೇಕು. ಆದ್ದರಿಂದ ಕಾಲು ಒತ್ತಿದ ಕ್ಷಣಕ್ಕೂ ಬಲ ಬರುವ ಕ್ಷಣಕ್ಕೂ ನಡುವೆ ಸ್ವಲ್ಪ ಕಾಲ ಹಿಡಿಯುವುದು ಸಹಜ. ವಾಡಿ ಜಂಕ್ಷನ್ನಿನಲ್ಲಿ ಹಿಂದೆ ಡೀಸೆಲ್ ರೈಲಿಂಜಿನ್ನುಗಳನ್ನು ನೋಡಿದವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. 1962ರಿಂದ ನಮ್ಮ ದೇಶಕ್ಕೆ ಬಂದ ಆಲ್ಕೋ ಮಾದರಿಯ ಆ ಇಂಜಿನ್ನುಗಳಿಗೂ ಟರ್ಬೋ ಇತ್ತು. ಭಾರದ ಗೂಡ್ಸ್ ಗಾಡಿಯನ್ನು ಎಳೆಯತೊಡಗಿದಾಗ ಅವು ಮೊದಲು ಕರಿಹೊಗೆಯನ್ನು ಕಕ್ಕಿ, ಆಮೇಲೆ ಹೊಗೆ ತಿಳಿಯಾಗಿ ಓಡುತ್ತಿದ್ದವು. ಡೀಸೆಲ್ ಬಂದಾಗಿದೆ, ಗಾಳಿ ಇನ್ನೂ ಬಂದಿಲ್ಲ ಎಂಬುದೇ ಆ ಹೊಗೆಯ ಅರ್ಥ. ಕಾರಿನಲ್ಲಿ ಈ ಸಹಜ ವಿಳಂಬ ಒಂದು ಕ್ಷಣದ್ದು, ಅದೂ ಸುತ್ತುಗಳು ಕಡಿಮೆಯಿದ್ದಾಗ ಮಾತ್ರ. ಎರಡು ಸಾವಿರ ಸುತ್ತು ದಾಟಿದ ಮೇಲೂ ಗಾಡಿ ಯೋಚನೆ ಮಾಡುತ್ತಿದ್ದರೆ ಅದು ರೋಗ.

ನಾನು ಮೊದಲು ಮಾಡಿದ ಕೆಲಸ ಒಂದು ನೋಟುಪುಸ್ತಕ ತಂದದ್ದು. ಯಾವ ಗೇರಿನಲ್ಲಿ, ಎಷ್ಟು ಸುತ್ತಿನಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏರಿನಲ್ಲೋ ಸಮದಾರಿಯಲ್ಲೋ ತಡವರಿಸುತ್ತದೆಂದು ಅಣ್ಣ ಹೇಳಿದಂತೆ ಬರೆದುಕೊಂಡೆ. ಖಾಲಿ ಗಾಡಿ ಸಮದಾರಿಯಲ್ಲಿ ಹೆಚ್ಚು ತೊಂದರೆ ಕೊಡುತ್ತಿರಲಿಲ್ಲ. ಜನ ತುಂಬಿ ಕುಂಚಾವರಂ ಕಡೆಯ ಏರು ಹತ್ತುವಾಗ ಮೂರನೆಯ ಗೇರಿನಲ್ಲಿ ಕುತ್ತಿಗೆ ಹಿಚುಕಿದಂತಾಗುತ್ತಿತ್ತು. ಹಿಂದೆ ನೋಡಿದರೆ ಕರಿಹೊಗೆ. ಈ ಎರಡು ಸಾಲುಗಳಲ್ಲೇ ಉತ್ತರ ಅರ್ಧ ಇತ್ತೆಂಬುದು ಆಗ ನನಗೆ ಹೊಳೆಯಲಿಲ್ಲ. ಕರಿಹೊಗೆಯೆಂದರೆ ಇಂಧನಕ್ಕೆ ತಕ್ಕ ಗಾಳಿ ಇಲ್ಲ. ಹೊಗೆಯೇ ಇಲ್ಲದೆ ಬಲ ಕುಂದಿದರೆ ಇಂಧನದ ಕೊರತೆಯನ್ನು ಮೊದಲು ಸಂಶಯಿಸಬೇಕು: ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ನೀರು ಸೇರಿರಬಹುದು. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಆಗ ಟರ್ಬೋದ ಮೇಲೆ ಸಂಶಯ ಪಡಲು ನ್ಯಾಯವಾದ ಕಾರಣವುಂಟು. ನಮ್ಮದು ನೀಲಿಯಾಗಿರಲಿಲ್ಲ.

ಗಾಳಿಯ ಕೊರತೆಯೆಂದೊಡನೆ ನಾನು ಏರ್ ಫಿಲ್ಟರಿಗೆ ಕೈಹಾಕಿದೆ. ನಮ್ಮ ಸೀಮೆಯಲ್ಲಿ ಇದು ಯಾರಿಗಾದರೂ ಮೊದಲು ತೋಚುವ ಮಾತು. ಸೇಡಂ, ಮಳಖೇಡ, ವಾಡಿಗಳ ಸಿಮೆಂಟಿನ ಲಾರಿಗಳು, ಶಹಾಬಾದ, ಚಿತ್ತಾಪುರಗಳ ಕಲ್ಲಿನ ಖಣಿಗಳು, ಅವುಗಳ ಮೇಲೆ ನಮ್ಮ ಎರೆಮಣ್ಣು. ಮುಖಕ್ಕೆ ಕಟ್ಟಿದ ದಸ್ತಿಯೇ ಸಂಜೆಗೆ ಬೂದಿಬಣ್ಣವಾಗುವ ಈ ದಾರಿಗಳಲ್ಲಿ ಕಂಪನಿಯವರು ಪುಸ್ತಕದಲ್ಲಿ ಬರೆದ ಲೆಕ್ಕದಂತೆ ಫಿಲ್ಟರ್ ಬದಲಿಸಿದರೆ ಸಾಲದು. ತೆಗೆದು ನೋಡಿದರೆ ಮಡಿಕೆಗಳ ತುಂಬ ಸುಣ್ಣದಂತಹ ಧೂಳು. ಹೊಸದು ಹಾಕಿದೆವು. ಗಾಡಿ ಕೊಂಚ ಹಗುರಾಯಿತು, ಆದರೆ ತಡವರಿಕೆ ಹೋಗಲಿಲ್ಲ. ಆಮೇಲೆ ನಾನೊಂದು ತಪ್ಪು ಮಾಡಿದೆ. ಯಾರೋ ಹೇಳಿದರೆಂದು ಗಾಳಿ ಅಳೆಯುವ ಸೆನ್ಸರನ್ನು ಕಿತ್ತು ತೊಳೆದೆ. ಅದು ಕೆಟ್ಟಿದೆಯೆಂಬುದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಎರಡು ದಿನ ಹಾಳಾದವು, ಫಲ ಶೂನ್ಯ. ಟರ್ಬೋ ಹೋಗಿದೆಯೆಂದ ಮಿಸ್ತ್ರಿಗೂ ನನಗೂ ಆಗ ಏನು ವ್ಯತ್ಯಾಸವೆಂದು ನನ್ನನ್ನೇ ಕೇಳಿಕೊಂಡೆ.

ಅಲ್ಲಿಂದ ಅಳತೆಗೆ ಬಂದೆ. ಸ್ಟೇರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದಬಹುದಾದ ಸಣ್ಣ ಸ್ಕ್ಯಾನರು ಈಗ ಕಡಿಮೆ ಬೆಲೆಗೆ ಸಿಗುತ್ತದೆ, ಗೆಳೆಯನೊಬ್ಬನದನ್ನು ತಂದೆ. ಅದರಲ್ಲಿ ಪಿ-0299 ಎಂಬ ಸಂಕೇತ ಬಂದಿತು. ಟರ್ಬೋ ಒತ್ತಡ ಬೇಕಾದುದಕ್ಕಿಂತ ಕಡಿಮೆ ಎಂಬುದು ಅದರ ತಾತ್ಪರ್ಯ. ಟರ್ಬೋ ಕೆಟ್ಟಿದೆಯೆಂದು ಅದು ಹೇಳುವುದಿಲ್ಲ. ರೋಗಿ “ಉಸಿರು ಸಾಲದು” ಎಂದಂತೆ ಅದು. ಶ್ವಾಸಕೋಶವೇ ಕೆಟ್ಟಿದೆಯೋ, ಮೂಗು ಕಟ್ಟಿದೆಯೋ, ಅದನ್ನು ವೈದ್ಯನು ನೋಡಬೇಕು. ಬಹಳ ಗ್ಯಾರೇಜುಗಳಲ್ಲಿ ಈ ಸಂಕೇತವನ್ನೇ ತೀರ್ಪೆಂದು ತಿಳಿದು ಸಾಮಾನು ಬದಲಿಸುತ್ತಾರೆ.

ಒತ್ತಡ ತೋರಿಸುವ ಸೆನ್ಸರು ನಿಜ ಹೇಳುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಇದಕ್ಕೊಂದು ಸುಲಭ ಉಪಾಯವುಂಟು. ಇಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿದರೆ ಆ ಸೆನ್ಸರು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. ನಾನೂರು ಮೀಟರಿಗೂ ಮೇಲಿರುವ ನಮ್ಮ ಸೇಡಂ ಸೀಮೆಯಲ್ಲಿ 96ರ ಆಸುಪಾಸು. ನಮ್ಮ ಗಾಡಿ 96 ತೋರಿಸಿತು. ಸೆನ್ಸರು ಸತ್ಯವಂತನೆಂದಾಯಿತು. ಮುಂದೆ ಅಣ್ಣ ಗಾಡಿ ನಡೆಸಲು, ನಾನು ಪಕ್ಕದಲ್ಲಿ ಕುಳಿತು ಅಂಕಿ ಬರೆಯಲು ನಿಶ್ಚಯಿಸಿದೆವು. ನಡೆಸುವವನು ಮೊಬೈಲು ನೋಡತಕ್ಕದ್ದಲ್ಲ. ಮಳಖೇಡದ ಕಾಗಿಣಾ ಸೇತುವೆ ದಾಟಿ ದಾರಿ ಖಾಲಿಯಿದ್ದ ಕಡೆ, ಮೂರನೆಯ ಗೇರಿನಲ್ಲಿ ಸಾವಿರದೈನೂರು ಸುತ್ತಿನಿಂದ ಪೂರ್ಣ ಕಾಲು ಒತ್ತಿದ. ಕಂಪ್ಯೂಟರು ಬೇಡಿದ್ದು 200ಕ್ಕೆ ಹತ್ತಿರ, ಬಂದದ್ದು 135. ಮೂರು ಸಲ ಮಾಡಿದರೂ ಅಷ್ಟೇ. ಒತ್ತಡ ಹುಟ್ಟುತ್ತಿಲ್ಲ, ಇಲ್ಲವೆ ಹುಟ್ಟಿ ಎಲ್ಲಿಯೋ ಸೋರುತ್ತಿದೆ.

ಟರ್ಬೋದಿಂದ ಹೊರಟ ಗಾಳಿ ಬಿಸಿಯಾಗಿರುತ್ತದೆ. ಅದನ್ನು ತಣಿಸಲು ಮುಂದೆ ಇಂಟರ್‌ಕೂಲರ್ ಎಂಬ ಜಾಲರಿ ಇದೆ. ಅಲ್ಲಿಗೆ ಹೋಗಿಬರಲು ದಪ್ಪ ರಬ್ಬರಿನ ಕೊಳವೆಗಳು. ಗಾಳಿ ಅಳೆಯುವ ಸೆನ್ಸರು ಟರ್ಬೋಕ್ಕಿಂತ ಮೊದಲೇ ಇರುವುದರಿಂದ, ನಡುವೆ ಕೊಳವೆ ಒಡೆದರೆ ಸೋರಿಹೋದ ಗಾಳಿಯೂ ಲೆಕ್ಕಕ್ಕೆ ಸೇರಿರುತ್ತದೆ. ಇಲ್ಲದ ಗಾಳಿಯನ್ನು ನಂಬಿ ಕಂಪ್ಯೂಟರು ಡೀಸೆಲ್ ಸುರಿಯುತ್ತದೆ. ಕುಂಚಾವರಂ ಏರಿನಲ್ಲಿ ನೋಡಿದ ಕರಿಹೊಗೆಯ ಗುಟ್ಟು ಇದು. ಒಡಕು ಸಣ್ಣದಾದರೆ ಗಾಡಿ ನಿಂತಲ್ಲಿ ಕೊಳವೆ ಬಾಯಿ ಮುಚ್ಚಿಕೊಂಡಿರುತ್ತದೆ; ಭಾರ ಬಿದ್ದು ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಆದುದರಿಂದಲೇ ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟು ನೋಡಿದವರಿಗೆ ಏನೂ ಕಾಣಲಿಲ್ಲ.

ನಮ್ಮ ಧೂಳು ಉಪಕಾರ ಮಾಡಿದ್ದು ಇಲ್ಲಿ. ಈ ಕೊಳವೆಗಳೊಳಗೆ ಇಂಜಿನ್ನಿನಿಂದ ಬಂದ ಆಯಿಲಿನ ತೆಳು ಪಸೆ ಇರುವುದು ಸಾಮಾನ್ಯ. ಒಡಕಿನಿಂದ ಗಾಳಿಯೊಡನೆ ಅದೂ ಹೊರಬಂದು, ಅದಕ್ಕೆ ಸಿಮೆಂಟಿನ ಧೂಳು ಮೆತ್ತಿ ಕಪ್ಪು ಕೆಸರಾಗುತ್ತದೆ. ಗಾಡಿಯ ಕೆಳಗೆ ಅಂಗಾತ ಮಲಗಿ ಬ್ಯಾಟರಿ ಹಿಡಿದು ನೋಡಿದರೆ, ಇಂಟರ್‌ಕೂಲರಿನಿಂದ ಬರುವ ಕೊಳವೆಯ ಅಡಿಭಾಗದಲ್ಲಿ ಅಂಗೈಯಗಲ ಅಂಥ ಕೆಸರು ಮೆತ್ತಿತ್ತು. ಮೇಲಿನಿಂದ ನೋಡಿದವರಿಗೆ ಅದು ಕಾಣುವಂತೆಯೇ ಇರಲಿಲ್ಲ.

ಆದರೂ ಈ ಸಲ ಆತುರಪಡಲಿಲ್ಲ. ಕೊಳವೆಯನ್ನು ಬಿಚ್ಚಿ, ಒಂದು ಬಾಯಿಗೆ ಮರದ ಬಿರಡೆ, ಇನ್ನೊಂದಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಕೂಡಿಸಿದ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕ್ಲಾಂಪು ಬಿಗಿದೆವು. ಪಂಕ್ಚರ್ ಅಂಗಡಿಯಲ್ಲಿ ಮೆಲ್ಲಗೆ ಹತ್ತು ಪೌಂಡು ಗಾಳಿ ತುಂಬಿ ಸಾಬೂನಿನ ನೀರು ಹಚ್ಚಿದೊಡನೆ ಕೆಸರು ಇದ್ದಲ್ಲೇ ಬುಳುಬುಳು ಗುಳ್ಳೆಗಳೆದ್ದವು. ಕೈಯಿಂದ ಬಗ್ಗಿಸಿದರೆ ಬೆರಳುದ್ದದ ಸೀಳು. ಇದನ್ನು ಮಾಡುವವರು ಹದಿನೈದು ಪೌಂಡಿಗಿಂತ ಮೇಲೆ ಹೋಗಬಾರದು, ಬಿರಡೆಯ ಎದುರಿಗೆ ಮುಖವಿಡಬಾರದು. ಹಾರಿದರೆ ಹಲ್ಲು ಹೋದೀತು. ಕೊಳವೆ ಬಿಚ್ಚಿದಾಗಲೇ ಟರ್ಬೋದ ಅಚ್ಚನ್ನೂ ಬೆರಳಿನಿಂದ ಆಡಿಸಿ ನೋಡಿದೆವು. ಪಕ್ಕಕ್ಕೆ ಕೂದಲೆಳೆಯಷ್ಟು ಆಟವಿತ್ತು, ಅದು ಇರಬೇಕಾದ್ದೇ. ಚಕ್ರ ಗೋಡೆಗೆ ತಾಗುತ್ತಿರಲಿಲ್ಲ.

ಎಲ್ಲ ಗಾಡಿಗೂ ಇದೇ ಕಾರಣವಿರಬೇಕೆಂದಿಲ್ಲ. ಟರ್ಬೋವನ್ನು ಹತೋಟಿಯಲ್ಲಿಡುವ ಸಣ್ಣ ವ್ಯಾಕ್ಯೂಮ್ ಕೊಳವೆ ಕಳಚಿದರೂ, ಹೊಗೆಯನ್ನು ಮರಳಿ ಒಳಗೆ ಬಿಡುವ ವಾಲ್ವ್ ಮಸಿಗಟ್ಟಿ ತೆರೆದೇ ಉಳಿದರೂ ಹೀಗಾಗುತ್ತದೆ. ಪೆಟ್ರೋಲ್ ಟರ್ಬೋ ಕಾರುಗಳ ಮಾತು ಬೇರೆ. ಒತ್ತಿ ತುಂಬಿದ ಗಾಳಿಯಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ, ಸವೆದ ಸ್ಪಾರ್ಕ್ ಪ್ಲಗ್ಗು ಅಥವಾ ದುರ್ಬಲ ಕಾಯಿಲ್ ಸಾಧಾರಣ ಓಟದಲ್ಲಿ ಸುಮ್ಮನಿದ್ದು ಕಾಲು ಒತ್ತಿದಾಗ ಮುಗ್ಗರಿಸುತ್ತದೆ. ಅಲ್ಲಿ ಮೊದಲು ಪ್ಲಗ್ಗುಗಳನ್ನು ತೆಗೆದು ನೋಡುವುದೇ ಲೇಸು.

ಹೊಸ ಕೊಳವೆಗೆ ಎರಡು ಸಾವಿರಕ್ಕೆ ಐವತ್ತು ರೂಪಾಯಿ ಕಡಿಮೆ ಕೊಟ್ಟು ಕಲಬುರಗಿಯಿಂದ ತಂದೆವು. ಹಾಕಿದ ಮೇಲೆ ಅದೇ ಸೇತುವೆಯ ಆಚೆ, ಅದೇ ಗೇರಿನಲ್ಲಿ, ಅದೇ ಸುತ್ತಿನಿಂದ ಮತ್ತೆ ಪರೀಕ್ಷಿಸಿದೆವು. ಮೊದಲ ಸಲ 196, ಎರಡನೆಯ ಸಲ 198. ಹೊಗೆ ಇರಲಿಲ್ಲ. ಅಣ್ಣ ನನ್ನ ಕೈಯಿಂದ ನೋಟುಪುಸ್ತಕ ತೆಗೆದುಕೊಂಡು ಆ ಎರಡು ಅಂಕಿಗಳನ್ನು ಬಹಳ ಹೊತ್ತು ನೋಡಿದ. “ಮನಿಗಿ ನಡಿ ತಮ್ಮಾ, ಅವ್ವ ಸರ ಇನ್ನಾ ಹೊರಗೇ ಇಟ್ಕೊಂಡ್ ಕುಂತಾಳ” ಎಂದು ಗಾಡಿ ತಿರುಗಿಸಿದ. ಆ ಸಂಜೆಯೇ ಅವನಿಗೆ ಚಿಂಚೋಳಿಗೆ ಒಂದು ಬಾಡಿಗೆ ಇತ್ತು.