ಬುದ್ಧಿಯ ಶಾಸ್ತ್ರ ಯಾವುದನ್ನು ನೋಡಬೇಕು?

ನಮ್ಮಲ್ಲಿ ‘ಬುದ್ಧಿವಂತ’ ಅನ್ನೋ ಮಾತು ಬಹಳ ಅಗ್ಗ. ಪರೀಕ್ಷೆಯಲ್ಲಿ ಅಂಕ ಸೂರೆಮಾಡಿದವನೂ ಬುದ್ಧಿವಂತ, ಸಂತೆಯಲ್ಲಿ ಚೌಕಾಸಿ ಮಾಡಿ ಗೆದ್ದವಳೂ ಬುದ್ಧಿವಂತೆ. ಆಡುಮಾತಿಗೆ ಇಷ್ಟು ಸಾಕು. ಆದರೆ ಬುದ್ಧಿಯನ್ನು ಕುರಿತೇ ಒಂದು ಶಾಸ್ತ್ರ ಬೇಕೆಂದಾಗ, ಅದು ಕಣ್ಣಿಟ್ಟು ನೋಡಬೇಕಾದ ವಸ್ತು ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಸಸ್ಯಶಾಸ್ತ್ರಕ್ಕೆ ಗಿಡ ಇದೆ. ಬುದ್ಧಿಶಾಸ್ತ್ರಕ್ಕೆ ಏನಿದೆ?

೧. ಅಳತೆಗೋಲು

1905ರಲ್ಲಿ ಪ್ಯಾರಿಸಿನಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಸಿಮೋನ್ ಮಕ್ಕಳ ಬುದ್ಧಿ ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಶಾಲೆಯಲ್ಲಿ ಹಿಂದೆ ಬಿದ್ದ ಮಗುವನ್ನು ಗುರುತಿಸಿ ಸಹಾಯ ಮಾಡುವುದು ಅದರ ಉದ್ದೇಶ. ಆ ಅಳತೆಗೋಲು ನಮ್ಮ ಕಡೆಗೂ ಬಂತು. ವಿ. ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಅದೇನು ಸಣ್ಣ ಕೆಲಸವಲ್ಲ. ಆದರೂ ಅಳತೆಗೋಲು ಹೇಳುವುದು ಮಗು ಎಷ್ಟನೆಯ ಮೆಟ್ಟಿಲಲ್ಲಿದೆ ಅಂತ. ಹತ್ತಿದ್ದು ಹೇಗೆ ಅಂತ ಹೇಳುವುದಿಲ್ಲ. ಬುದ್ಧಿ ಹುಟ್ಟಿನಿಂದ ಇಷ್ಟೇ, ಬೆಳೆಯದು ಎನ್ನುವವರನ್ನು ಬಿನೆಯೇ 1909ರಲ್ಲಿ ಖಂಡಿಸಿದ್ದ. ಅದನ್ನು ನಾವು ಮರೆತೆವು, ಅಂಕ ಮಾತ್ರ ಉಳಿಸಿಕೊಂಡೆವು.

ನಮ್ಮ ಬೆಂಗಳೂರಿನ ಶಕುಂತಲಾದೇವಿ 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞ 1988ರಲ್ಲಿ ಅವರನ್ನು ಪರೀಕ್ಷಿಸಿದಾಗ, ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸರಳ ಕೆಲಸಗಳಲ್ಲಿ ಅವರ ವೇಗ ನಮ್ಮ ನಿಮ್ಮಂತೆಯೇ ಇತ್ತು. ಹಾಗಾದರೆ ಅವರ ಶಕ್ತಿ ಇದ್ದದ್ದೆಲ್ಲಿ? ಗೋಲಿಗೆ ಸಿಕ್ಕಲಿಲ್ಲ.

೨. ದೇವಳಾಲಿಯ ಮೇಷ್ಟ್ರು

ಈಗ ನಾಸಿಕದ ಕಡೆ ಹೋಗೋಣ. ಬಿನೆಯ ಪ್ರಶ್ನಾವಳಿ ಹುಟ್ಟಿದ ವರ್ಷವೇ ಹುಟ್ಟಿದವರು ದ. ರಾ. ಕಾಪ್ರೇಕರ್. 1930ರಿಂದ 1962ರವರೆಗೆ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. ಬಿ.ಎಸ್ಸಿ. ಆಚೆಗೆ ಪದವಿ ಇಲ್ಲ. ಅವರು ಕಂಡದ್ದನ್ನು ನೀವೇ ಮಾಡಿ ನೋಡಿ. ಅಂಕಿಗಳೆಲ್ಲ ಒಂದೇ ಆಗಿರದ, ನಾಲ್ಕು ಅಂಕಿಯ ಸಂಖ್ಯೆ ತೆಗೆದುಕೊಳ್ಳಿ. ಇಳಿಯುವ ಕ್ರಮದಲ್ಲಿ ಬರೆದು, ಏರುವ ಕ್ರಮದ್ದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡಿ. ಕಾಮತರ 1934 ಇರಲಿ:

9431 – 1349 = 8082
8820 – 0288 = 8532
8532 – 2358 = 6174

ಮತ್ತೆ ಮಾಡಿದರೂ 6174. ಅಲ್ಲೇ ನಿಂತುಹೋಗುತ್ತದೆ. 1905 ತೆಗೆದುಕೊಂಡರೆ ಏಳು ಹೆಜ್ಜೆ ಬೇಕು. ಅದಕ್ಕಿಂತ ಹೆಚ್ಚು ಯಾವ ಸಂಖ್ಯೆಗೂ ಬೇಡ. 1949ರಲ್ಲಿ ಕಾಪ್ರೇಕರರು ಇದನ್ನು ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಮಂಡಿಸಿದರು. ಲೋಕ ತಿರುಗಿ ನೋಡಿದ್ದು ಮಾತ್ರ ಮಾರ್ಟಿನ್ ಗಾರ್ಡ್‌ನರ್ 1975ರಲ್ಲಿ ಅವರ ಬಗ್ಗೆ ಬರೆದ ಮೇಲೆ.

ಇಲ್ಲಿ ಕಳೆಯುವ ಲೆಕ್ಕ ಪ್ರಾಥಮಿಕ ಶಾಲೆಯದು. ಬುದ್ಧಿ ಇರುವುದು ಉತ್ತರದಲ್ಲಲ್ಲ; ಯಾರೂ ಕೇಳದ ಪ್ರಶ್ನೆಯನ್ನು ತಾನೇ ಹಾಕಿಕೊಂಡು, ಬೇಸರವಿಲ್ಲದೆ ಅದರ ಹಿಂದೆ ಬಿದ್ದದ್ದರಲ್ಲಿ. ಯಾವ ಪರೀಕ್ಷೆಯಲ್ಲೂ ‘ಒಂದು ಪ್ರಶ್ನೆ ನೀನೇ ಹುಡುಕಿಕೊಂಡು ಬಾ’ ಅಂತ ಇರೋದಿಲ್ಲ.

೩. ಎಲ್ಲೋರದ ಶಿಲ್ಪಿ

ನಾಸಿಕದ ಪೂರ್ವಕ್ಕೆ ಛತ್ರಪತಿ ಸಂಭಾಜಿನಗರ, 2023ರವರೆಗೆ ಔರಂಗಾಬಾದ್. ಅದರ ಸಮೀಪದಲ್ಲೇ ಎಲ್ಲೋರ. ಅಲ್ಲಿಯ ಕೈಲಾಸ ದೇವಾಲಯ ನಮಗೆ ಪರಕೀಯವಲ್ಲ; ಎಂಟನೆಯ ಶತಮಾನದಲ್ಲಿ ಅದನ್ನು ಮಾಡಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಮುಂದೆ ನಮ್ಮ ಮಳಖೇಡದಿಂದ ಆಳಿದ್ದು ಅದೇ ವಂಶ. ಕಟ್ಟಿದ ಗುಡಿಯಲ್ಲ ಅದು, ಬೆಟ್ಟವನ್ನು ಶಿಖರದಿಂದ ಕೆಳಕ್ಕೆ ಕಡಿಯುತ್ತಾ ಬಂದದ್ದು. ಕಟ್ಟುವಾಗ ತಪ್ಪಿದರೆ ಕಲ್ಲು ಬದಲಿಸಬಹುದು. ಕಡಿದ ಕಲ್ಲನ್ನು ಮರಳಿ ಅಂಟಿಸಲಾದೀತೆ? ಕಂಬ ಇನ್ನೂ ಬೆಟ್ಟದೊಳಗಿರುವಾಗಲೇ ಅದರ ಜಾಗ ತಿಳಿದಿರಬೇಕು. ಆ ತಿಳಿವು ಯಾವ ಒಂದೇ ತಲೆಯಲ್ಲಿತ್ತು? ಸೂತ್ರಧಾರನಲ್ಲಿ, ಉಳಿ ಹಿಡಿದ ನೂರಾರು ಕೈಗಳಲ್ಲಿ, ಹಗ್ಗ-ಅಳತೆಗಳಲ್ಲಿ, ಹಿಂದಿನ ಗುಹೆಗಳನ್ನು ಕೊರೆದವರ ಅನುಭವದಲ್ಲಿ ಹಂಚಿಹೋಗಿತ್ತು.

812ರ ಬರೋಡ ತಾಮ್ರಶಾಸನವೊಂದು ಈ ಗುಡಿಯನ್ನು ಕೊಂಡಾಡುತ್ತಾ ಸೊಗಸಾದ ಸಂಗತಿ ಹೇಳುತ್ತದೆ: ಮಾಡಿದ ಶಿಲ್ಪಿಯೇ, ಇದನ್ನು ನಾನು ಹೇಗೆ ಮಾಡಿದೆನೋ ಎಂದು ಬೆರಗಾದನಂತೆ. ಕವಿಯ ಅತಿಶಯೋಕ್ತಿ ಇರಬಹುದು. ಆದರೆ ಅದರೊಳಗೊಂದು ಪಾಠವಿದೆ. ಬಲ್ಲವನಿಗೆ ತಾನು ಬಲ್ಲದ್ದನ್ನು ಹೇಳಲು ಬರಲೇಬೇಕೆಂದಿಲ್ಲ. ಆದ್ದರಿಂದ ಕೇಳಿ ತಿಳಿದರೆ ಸಾಲದು, ಕೆಲಸ ನಡೆಯುವಾಗ ಪಕ್ಕದಲ್ಲಿ ಕೂತು ನೋಡಬೇಕು.

೪. ಹಾಗಾದರೆ

ನನ್ನ ಮತ ಇದು. ಬುದ್ಧಿಯ ಶಾಸ್ತ್ರ ಉತ್ತರವನ್ನಲ್ಲ, ದಾರಿಯನ್ನು ಅಭ್ಯಾಸ ಮಾಡಬೇಕು. ಪ್ರಶ್ನೆ ಹೇಗೆ ಹುಟ್ಟಿತು? ಯಾವುದು ಮೊದಲು, ಯಾವುದು ಆಮೇಲೆ ಎಂದು ನಿಶ್ಚಯಿಸಿದ್ದು ಹೇಗೆ? ತಪ್ಪಿದಾಗ ಏನು ಮಾಡಿದರು? ತಲೆಯ ಹೊರಗಿನ ಕೈ, ಉಪಕರಣ, ಜೊತೆಗಾರರ ಪಾಲೆಷ್ಟು? ಈಗ ಮನುಷ್ಯರಂತೆ ಮಾತಾಡುವ ಯಂತ್ರಗಳೂ ಬಂದಿವೆ. ಅವೂ ಪರೀಕ್ಷೆ ಪಾಸು ಮಾಡುತ್ತವೆ. ಅವುಗಳ ಬಗ್ಗೆಯೂ ಅಂಕ ಎಷ್ಟು ಅಂತ ಮಾತ್ರ ಕೇಳಿದರೆ ಹಳೆಯ ಗೋಲನ್ನೇ ಮತ್ತೆ ಹಿಡಿದಂತಾಯಿತು.

ಅಳತೆ ಬೇಡವೆಂದಲ್ಲ. ಜ್ವರದ ಕಡ್ಡಿ ಬೇಕು, ಆದರೆ ಕಡ್ಡಿಯೇ ವೈದ್ಯಶಾಸ್ತ್ರವಲ್ಲ. ಒಂದು ಅಂಕ ನೋಡಿ ‘ಈ ಹುಡುಗ ದಡ್ಡ’ ಎಂದು ಹಿಂದಿನ ಬೆಂಚಿಗೆ ಕಳಿಸುವಾಗ, ಅವನು ಯಾವ ದಾರಿಯಲ್ಲಿ ಯೋಚಿಸುತ್ತಿದ್ದ ಅಂತ ಯಾರೂ ನೋಡಿರುವುದಿಲ್ಲ. ನೋಡೋದು ಶಾಸ್ತ್ರದ ಮೊದಲ ಕೆಲಸ.