ಕಸದ ಬುಟ್ಟಿಗೆ ಹಾಕಬಾರದ ಕಸ

ಊರಿನಲ್ಲಿ ಮನೆಯ ಕಸವೆಂದರೆ ತಿಪ್ಪೆಗೆ ಹೋಗಿ ಗೊಬ್ಬರವಾಗುವ ವಸ್ತು. ಇಲ್ಲಿ ಮುಂಬಯಿಯ ಖೋಲಿಗಳಲ್ಲಿ ವಾಸಿಸುವ ನಮ್ಮ ಮನೆಗಳಲ್ಲಿಯೂ ಈಗ ಕೊಳೆಯದ, ಮುಟ್ಟಿದವರಿಗೆ ಕೇಡು ಮಾಡುವ ಪದಾರ್ಥಗಳು ಹಲವು ಸೇರಿಕೊಂಡಿವೆ. ಬಣ್ಣದ ಡಬ್ಬಿ, ತಿಗಣೆ ಔಷಧದ ಡಬ್ಬಿ, ಟ್ಯೂಬ್‌ಲೈಟು, ಬ್ಯಾಟರಿ, ಅವಧಿ ಮುಗಿದ ಗುಳಿಗೆ, ಇಂಜೆಕ್ಷನ್ ಸೂಜಿ, ಪಾದರಸದ ಥರ್ಮಾಮೀಟರು ಇಂಥವನ್ನು ಹಸಿಕಸ ಒಣಕಸಗಳಿಂದ ಬೇರೆಯಾಗಿಯೇ ಇಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು.

ನಿಯಮದ ಮಾತು ಹಾಗಿರಲಿ. ನಾವು ಬುಟ್ಟಿಗೆ ಎಸೆದುದನ್ನು ಮತ್ತೊಬ್ಬರು ಬರಿಗೈಯಿಂದ ಆರಿಸುತ್ತಾರೆಂಬುದನ್ನು ಮರೆಯಕೂಡದು. ಸಕ್ಕರೆ ರೋಗಕ್ಕಾಗಿ ಇನ್ಸುಲಿನ್ ಚುಚ್ಚಿಕೊಳ್ಳುವವರ ಸೂಜಿ ಕಸ ಎತ್ತುವವನ ಬೆರಳಿಗೆ ನೆಟ್ಟರೆ, ರಕ್ತದಿಂದ ಹರಡುವ ಕಾಮಾಲೆಯಂಥ ರೋಗ ಅವನಿಗೆ ತಗಲಬಹುದು. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ಬಿರಡೆ ಬಿಗಿದು, ಮೇಲೆ ‘ಸೂಜಿ’ ಎಂದು ಮರಾಠಿಯಲ್ಲಿ ಬರೆಯಿರಿ. ಕನ್ನಡಾಭಿಮಾನವನ್ನು ತೋರಿಸಲು ಇದು ಸ್ಥಳವಲ್ಲ.

ಗಾಜಿನ ಥರ್ಮಾಮೀಟರು ಒಡೆದರೆ ಮಕ್ಕಳಿಗೆ ಬೆಳ್ಳಿಯ ಗುಂಡುಗಳೊಡನೆ ಆಡುವ ಚಪಲ. ಆದರೆ ಪಾದರಸವು ಸಾಧಾರಣ ಸೆಖೆಯಲ್ಲಿಯೇ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳನ್ನು ಹೊರಗೆ ಕಳಿಸಿ, ಪಂಖಾ ನಿಲ್ಲಿಸಿ, ಕಿಟಕಿ ತೆರೆಯಿರಿ. ಕೈಯಲ್ಲಿ ಬಂಗಾರದ ಉಂಗುರ, ಬಳೆಯಿದ್ದರೆ ತೆಗೆದಿಡಿರಿ. ಪಾದರಸ ಬಂಗಾರಕ್ಕೆ ಅಂಟಿ ಅದನ್ನು ಕೆಡಿಸುತ್ತದೆ. ಕಸಬರಿಗೆ ಆಡಿಸಿದರೆ ಒಂದು ಗುಂಡು ನೂರಾಗುತ್ತದೆ. ಗಟ್ಟಿ ಕಾಗದದಿಂದ ಮೆಲ್ಲನೆ ಒಂದೆಡೆ ತಳ್ಳಿ, ಬಿಗಿ ಮುಚ್ಚಳದ ಬಾಟಲಿಗೆ ತುಂಬಿರಿ. ಉಳಿದ ಸಣ್ಣ ಕಣಗಳನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯಿರಿ. ಮೋರಿಗೆ ಮಾತ್ರ ಬಿಡಬೇಡಿರಿ. ಜಪಾನಿನ ಮಿನಮಾಟಾ ಎಂಬಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಅಲ್ಲಿಯ ಮೀನು ತಿಂದವರ ನರಗಳು ಕೆಟ್ಟವು; ಆ ಬೇನೆ 1956ರಲ್ಲಿ ಬೆಳಕಿಗೆ ಬಂತು. ಟ್ಯೂಬ್‌ಲೈಟಿನಲ್ಲಿಯೂ ಪಾದರಸ ಸ್ವಲ್ಪ ಉಂಟು. ಅದನ್ನು ಒಡೆಯದೆ, ಹೊಸದು ಬಂದ ರಟ್ಟಿನ ಕವಚದಲ್ಲಿಯೇ ಇಡಬೇಕು.

ಇನ್ನು ಸಂಡಾಸು ತೊಳೆಯುವ ವಿಷಯ. ಬ್ಲೀಚಿಂಗ್ ಪೌಡರ್ ಚೆಲ್ಲಿ, ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಆಸಿಡ್ ಸುರಿಯುವವರುಂಟು. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಮಿನ ಈಪ್ರ ಊರಿನ ಬಳಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಗಿರಣಿಯ ಬ್ಲೀಚಿಂಗ್ ಖಾತೆಯಲ್ಲಿ ದುಡಿದ ಬಂಧುಗಳಿಗೆ ಈ ಘಾಟನ್ನು ಬೇರೆ ವರ್ಣಿಸಬೇಕಿಲ್ಲ. ಕಣ್ಣು ಉರಿದು ಕೆಮ್ಮು ಬಂದೊಡನೆ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಬಯಲಿಗೆ ಬರಬೇಕು. ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗಬೇಕು. ಒಂದು ದಿನ ಒಂದೇ ವಸ್ತುವನ್ನು ಬಳಸಿದರೆ ಈ ಪೇಚೇ ಇಲ್ಲ.

ಆಸಿಡ್, ಟರ್ಪೆಂಟೈನ್‌ಗಳನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿಡುವುದು ಬಲು ಕೆಟ್ಟ ಚಾಳಿ. ಮಗು ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಒಳಗೆ ಹೋಗುವಾಗ ಸುಟ್ಟ ಆಸಿಡ್ ಹೊರಬರುವಾಗ ಮತ್ತೊಮ್ಮೆ ಸುಡುತ್ತದೆ. ಟರ್ಪೆಂಟೈನ್ ಆದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯ ಸಮೇತ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ.

ಮೊಬೈಲಿನ ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಬೆಂಕಿಗೆ ಹಾಕಬಾರದು. ಹಳೆಯ ಗುಳಿಗೆಗಳನ್ನು ಸಂಡಾಸಿಗೆ ಸುರಿಯದೆ, ಮತ್ತೊಬ್ಬರು ಎತ್ತಿಕೊಂಡು ಬಳಸದಂತೆ ಪಟ್ಟಿಯನ್ನು ಕತ್ತರಿಸಿ ಬೇರೆ ಪೊಟ್ಟಣದಲ್ಲಿ ಕೊಡಿರಿ.

ಇಂಥ ಕಸವನ್ನು ಮನೆಗೆ ತಾರದಿರುವುದೇ ಅಗ್ಗ. ಎಲ್.ಇ.ಡಿ. ದೀಪದಲ್ಲಿ ಪಾದರಸವಿಲ್ಲ, ಅಂಕಿ ತೋರಿಸುವ ಥರ್ಮಾಮೀಟರಿನಲ್ಲಿಯೂ ಇಲ್ಲ. ಸೋವಿಯೆಂದು ಐದು ಲೀಟರಿನ ಕ್ಯಾನ್ ಕೊಳ್ಳುವ ಬದಲು ಬೇಕಾದಷ್ಟನ್ನೇ ತನ್ನಿರಿ. ಉಳಿದ ಬಣ್ಣವನ್ನು ನೆರೆಯವರಿಗೆ ಕೊಡಿರಿ. ಸುಣ್ಣ ಬಣ್ಣ ಎಲ್ಲರ ಗೋಡೆಗೂ ಬೇಕಾದದ್ದೇ. ಇಷ್ಟಾದ ಮೇಲೂ ಉಳಿಯುವ ಕಸಕ್ಕೆ ನಾಲ್ಕು ಖೋಲಿಯವರು ಸೇರಿ ಒಂದು ಮುಚ್ಚಳದ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬಹುದು. ಅದು ತುಂಬಿದಾಗ ಎಲ್ಲಿಗೆ ಒಪ್ಪಿಸಬೇಕೆಂಬುದನ್ನು ವಾರ್ಡ್ ಆಫೀಸಿನಲ್ಲಿ ಒಬ್ಬರು ವಿಚಾರಿಸಿ ಬಂದರೆ ಸಾಕು.